ಗರ್ಭಕಂಠದ ಕ್ಯಾನ್ಸರೂ ದೇಹದ ಕಾವಲೂ

ಗದಗ ಜಿಲ್ಲೆಯ ಗಜೇಂದ್ರಗಡದ ಸುತ್ತಲಿನ ಎರೆಯ ಸೀಮೆಯಲ್ಲಿ ಹಿಂಗಾರಿ ಜೋಳವು ಹಾಲುಗಾಳು ಕಟ್ಟುವ ಕಾಲಕ್ಕೆ ಹೊಲದ ನಡುವೆ ಮಂಚಿಕೆ ಏಳುತ್ತದೆ. ಅದರ ಮೇಲೆ ಕವಣೆ ಹಿಡಿದು ನಿಂತ ಕಾವಲುಗಾರನು, ಹಕ್ಕಿಯ ಹಿಂಡು ತೆನೆಯ ಮೇಲೆ ಇಳಿದೊಡನೆ ಕೂಗು ಹಾಕಿ ಕಲ್ಲು ಬೀಸುತ್ತಾನೆ. ಹಿಂಡು ಎಷ್ಟೇ ದೊಡ್ಡದಿರಲಿ, ಅದು ಅವನ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬಿದ್ದುದನ್ನು ಅವನು ಬಿಡುವುದಿಲ್ಲ. ಆದರೆ ಅದೇ ಹೊಲದಲ್ಲಿ ದಂಟಿನೊಳಗೆ ಹೊಕ್ಕು ಕೊರೆಯುವ ಹುಳುವಿನ ಸುದ್ದಿ ಮಂಚಿಕೆಯವರೆಗೆ ಮುಟ್ಟುವುದಿಲ್ಲ. ತೆನೆ ಬಿಳಿಚಿ ಜೊಳ್ಳಾದ ಮೇಲಷ್ಟೇ ಅದು ತಿಳಿಯುತ್ತದೆ. ಆಗ ಕಾವಲುಗಾರನನ್ನು ಮೈಗಳ್ಳನೆಂದು ಬಯ್ದರೆ ನ್ಯಾಯವಾದೀತೆ?

ಈ ಹೋಲಿಕೆ ನನ್ನ ಮನಸ್ಸಿಗೆ ಬರಲು ಒಂದು ಕಾರಣವುಂಟು. ಆ ಸೀಮೆಯ ಮುಶಿಗೇರಿಯಿಂದ ಬಂದು ನಮ್ಮ ಕಾಲೇಜಿನಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಕೆಲವು ದಿನ ತರಗತಿಗೆ ಬಂದಿರಲಿಲ್ಲ. ಮರಳಿ ಬಂದವಳು ತನ್ನ ಅಜ್ಜಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡರೆಂದು ತಿಳಿಸಿ, ಒಂದು ಪ್ರಶ್ನೆ ಕೇಳಿದಳು: “ನೆಗಡಿ ಬಂದರೆ ದೇಹವು ಎಂಟು ದಿನಗಳಲ್ಲಿ ಅದನ್ನು ಓಡಿಸುತ್ತದೆ. ಅಜ್ಜಿಯ ದೇಹವು ಆ ಗಡ್ಡೆಯನ್ನು ಇಷ್ಟು ವರ್ಷ ಏಕೆ ಸುಮ್ಮನೆ ಬಿಟ್ಟಿತು?” ನಾನು ಭೌತಶಾಸ್ತ್ರದ ಉಪನ್ಯಾಸಕ, ವೈದ್ಯನಲ್ಲ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು, ಅವಳ ಒಪ್ಪಿಗೆ ಪಡೆದು, ಇಲ್ಲಿ ವಿವರಿಸುತ್ತೇನೆ.

ರೋಗದ ಮೂಲ

ಗರ್ಭಾಶಯದ ಕೆಳತುದಿಯ ಇಕ್ಕಟ್ಟಾದ ಭಾಗಕ್ಕೆ ಗರ್ಭಕಂಠವೆಂದು ಹೆಸರು. ಅಲ್ಲಿ ಹುಟ್ಟುವ ಕ್ಯಾನ್ಸರು ನಮ್ಮ ದೇಶದ ಹೆಂಗಸರನ್ನು ಕಾಡುವ ಕ್ಯಾನ್ಸರುಗಳಲ್ಲಿ ಎರಡನೆಯದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ಭಾರತದಲ್ಲಿ ಸುಮಾರು ೧ ಲಕ್ಷ ೨೭ ಸಾವಿರ ಮಂದಿಗೆ ಈ ರೋಗವು ಹೊಸದಾಗಿ ತಗಲಿತು; ಸುಮಾರು ೮೦ ಸಾವಿರ ಮಂದಿ ಸತ್ತರು. ಲೆಕ್ಕ ಹಾಕಿ ನೋಡಿದರೆ, ಒಂದು ಗಂಟೆಯ ಪಾಠ ಮುಗಿಯುವಷ್ಟರಲ್ಲಿ ಒಂಬತ್ತು ಮಂದಿ.

ಈ ಕ್ಯಾನ್ಸರಿಗೆ ಕಾರಣವೇನೆಂಬುದು ಬಹುಕಾಲ ತಿಳಿದಿರಲಿಲ್ಲ. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಎಂಬ ವಿಜ್ಞಾನಿಯು, ನರುಲಿಯನ್ನುಂಟುಮಾಡುವ ವೈರಸ್ಸುಗಳ ಕುಟುಂಬದಲ್ಲಿಯೇ ಇದರ ಮೂಲವಿರಬೇಕೆಂದು ಹಟ ಹಿಡಿದು ಹುಡುಕಿದನು. ೧೯೮೩ರಲ್ಲಿ ಆ ಕುಟುಂಬದ ೧೬ನೆಯ ಬಗೆಯೂ, ಮರುವರ್ಷ ೧೮ನೆಯ ಬಗೆಯೂ ಗರ್ಭಕಂಠದ ಗಡ್ಡೆಗಳಲ್ಲಿ ಅವನ ತಂಡಕ್ಕೆ ದೊರೆತುವು. ಪ್ರಪಂಚದಲ್ಲಿ ಈ ಕ್ಯಾನ್ಸರು ತಗಲಿದ ನೂರು ಮಂದಿಯಲ್ಲಿ ಸುಮಾರು ೭೦ ಮಂದಿಗೆ ಕಾರಣವಾದವು ಈ ಎರಡೇ. ಈ ಶೋಧಕ್ಕಾಗಿ ಅವನಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ವೈರಸ್ಸಿನ ಪೂರ್ಣ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಎಚ್.ಪಿ.ವಿ. ಎಂಬುದು ಅದರ ಸಂಕ್ಷಿಪ್ತ ನಾಮ.

ಇದರ ಗಾತ್ರವನ್ನು ಸ್ವಲ್ಪ ಊಹಿಸಿಕೊಳ್ಳೋಣ. ಒಂದು ಕಣದ ಅಡ್ಡಳತೆ ಸುಮಾರು ೫೫ ನ್ಯಾನೋಮೀಟರು. ಒಂದು ಮಿಲಿಮೀಟರಿನ ಉದ್ದದಲ್ಲಿ ೧೮ ಸಾವಿರ ಕಣಗಳನ್ನು ಸಾಲಾಗಿ ಜೋಡಿಸಬಹುದು. ಅದರ ವಂಶಲಿಪಿಯಲ್ಲಿ ಇರುವ ಅಕ್ಷರಜೋಡಿಗಳು ಸುಮಾರು ೮ ಸಾವಿರ ಮಾತ್ರ; ಮನುಷ್ಯನದರಲ್ಲಿ ಸುಮಾರು ೩೦೦ ಕೋಟಿ. ಇಷ್ಟು ಕಿರಿದಾದ ಜೀವಿಯು ಇಷ್ಟು ಹಿರಿದಾದ ದೇಹವನ್ನು ಹೇಗೆ ಗೆಲ್ಲುತ್ತದೆ? ಬಲದಿಂದಲ್ಲ, ಮೌನದಿಂದ.

ವೈರಸ್ಸಿನ ಮೌನ

ಗರ್ಭಕಂಠದ ಹೊರಮೈ ಹಲವು ಪದರಗಳ ಜೀವಕೋಶಗಳಿಂದಾಗಿದೆ. ತಳದ ಪದರದಲ್ಲಿ ಕೋಶಗಳು ಹುಟ್ಟುತ್ತವೆ. ಹೊಸವು ಹುಟ್ಟಿದಂತೆಲ್ಲ ಹಳೆಯವು ಮೇಲಕ್ಕೆ ಸರಿಯುತ್ತ, ಚಪ್ಪಟೆಯಾಗುತ್ತ, ಕೊನೆಗೆ ಉದುರಿಹೋಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ತರಚಿನ ಮೂಲಕ ಎಚ್.ಪಿ.ವಿ.ಯು ಈ ತಳದ ಪದರವನ್ನು ಸೇರುತ್ತದೆ. ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಆದರೆ ಈ ಮಾತಿನಿಂದ ಯಾರ ನಡತೆಯನ್ನೂ ಶಂಕಿಸಲಾಗದು. ದಾಂಪತ್ಯ ನಡೆಸುವ ಗಂಡಸರು ಹೆಂಗಸರಲ್ಲಿ ಬಹುಪಾಲು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ವೈರಸ್ಸು ತಗಲಿಯೇ ತಗಲುತ್ತದೆ.

ಇತರ ಅನೇಕ ವೈರಸ್ಸುಗಳು ತಾವು ಹೊಕ್ಕ ಕೋಶವನ್ನು ಒಡೆದು ಹೊರಬರುತ್ತವೆ. ಒಡೆದ ಕೋಶದಿಂದ ಚೆಲ್ಲಿದ ವಸ್ತುಗಳೇ ದೇಹಕ್ಕೆ ಅಪಾಯದ ಗಂಟೆ. ಉರಿಯೂತ, ಜ್ವರ ಬರುವುದು ಆಗಲೇ. ಎಚ್.ಪಿ.ವಿ.ಯಾದರೋ ಕೋಶವನ್ನು ಒಡೆಯುವುದಿಲ್ಲ, ರಕ್ತವನ್ನು ಸೇರುವುದಿಲ್ಲ. ತಳದ ಪದರದಲ್ಲಿ ತನ್ನ ಲಿಪಿಯ ಕೆಲವೇ ಪ್ರತಿಗಳನ್ನಿಟ್ಟುಕೊಂಡು ತೆಪ್ಪಗಿರುತ್ತದೆ. ತಾನಿರುವ ಕೋಶವು ಮೇಲ್ಪದರವನ್ನು ತಲಪಿ, ಹೇಗೂ ಉದುರಲಿರುವ ಸಮಯಕ್ಕೆ ಸರಿಯಾಗಿ ಹೊಸ ಕಣಗಳನ್ನು ಕಟ್ಟುತ್ತದೆ. ಸಾಯಲಿರುವ ಕೋಶವು ಸತ್ತರೆ ದೇಹಕ್ಕೆ ಅದರಲ್ಲಿ ವಿಶೇಷವೇನೂ ಕಾಣದು. ದಂಟಿನೊಳಗಿನ ಹುಳುವಿನ ರೀತಿ ಇದು.

ಕಾವಲು ಎಚ್ಚೆತ್ತಾಗ

ಹಾಗಾದರೆ ದೇಹವು ಎಂದೆಂದಿಗೂ ಕುರುಡೇ? ಅಲ್ಲ. ವೈರಸ್ಸು ತಗಲಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಯ ದೇಹವು ಎರಡು ವರ್ಷಗಳೊಳಗೆ ಅದನ್ನು ಗೆಲ್ಲುತ್ತದೆ, ಇಲ್ಲವೆ ಪತ್ತೆಗೆ ಸಿಕ್ಕದಷ್ಟು ಅಡಗಿಸಿಬಿಡುತ್ತದೆ. ಯುದ್ಧ ನಡೆದುದೇ ಅವರಿಗೆ ತಿಳಿಯುವುದಿಲ್ಲ. ಈ ಗೆಲುವಿನ ಬಗೆಯನ್ನು ನೋಡೋಣ.

ಗರ್ಭಕಂಠದ ಪದರಗಳ ನಡುವೆ ಕವಲುಕೈಗಳನ್ನು ಚಾಚಿಕೊಂಡಿರುವ ಕೆಲವು ಕೋಶಗಳಿವೆ. ೧೮೬೮ರಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬವನು ಇವನ್ನು ಚರ್ಮದಲ್ಲಿ ಮೊದಲು ಕಂಡುದರಿಂದ ಇವುಗಳಿಗೆ ಅವನ ಹೆಸರೇ ನಿಂತಿದೆ. ಇವು ದೇಹದ ಸುದ್ದಿಗಾರರು. ಪರಕೀಯ ಪ್ರೋಟೀನಿನ ತುಣುಕು ಸಿಕ್ಕಿದರೆ ಅದನ್ನು ಹೊತ್ತು ಹತ್ತಿರದ ಹಾಲುರಸದ ಗ್ರಂಥಿಗೆ ಪಯಣಿಸಿ, ಅಲ್ಲಿ ನೆರೆದಿರುವ ಟಿ-ಕೋಶಗಳೆಂಬ ಬಿಳಿಯ ರಕ್ತಕಣಗಳಿಗೆ ತೋರಿಸುತ್ತವೆ. ಲಕ್ಷಾಂತರ ಟಿ-ಕೋಶಗಳಲ್ಲಿ ಆ ತುಣುಕಿಗೆ ಹೊಂದುವವು ಕೆಲವೇ. ಬೀಗಕ್ಕೆ ಬೀಗದ ಕೈ ಹೊಂದುವಂತೆ ಹೊಂದಿದವು ಮಾತ್ರ ವಿಭಜಿಸಿ ಸಾವಿರ ಸಾವಿರವಾಗಿ ಬೆಳೆಯುತ್ತವೆ. ಅವುಗಳಲ್ಲಿ ಒಂದು ಪಂಗಡವು ಇತರರನ್ನು ಹುರಿದುಂಬಿಸುವ ಸಹಾಯಕ ಕೋಶಗಳು. ಇನ್ನೊಂದು ಪಂಗಡವು ರೋಗ ತಗಲಿದ ಕೋಶವನ್ನು ಹುಡುಕಿ ಕೊಲ್ಲುವ ಯೋಧರು.

ಕೋಶದೊಳಗೆ ಅಡಗಿರುವ ಶತ್ರುವನ್ನು ಯೋಧನು ಗುರುತಿಸುವುದು ಹೇಗೆ? ನಮ್ಮ ದೇಹದ ಕೋಶಗಳು ತಮ್ಮೊಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಚೂರುಗಳನ್ನು ಹೊರಮೈಯ ಮೇಲೆ, ತಟ್ಟೆಯಲ್ಲಿಟ್ಟಂತೆ, ಸದಾ ಪ್ರದರ್ಶಿಸುತ್ತಿರುತ್ತವೆ. ತಟ್ಟೆಯಲ್ಲಿ ಪರಕೀಯ ಚೂರು ಕಂಡರೆ ಯೋಧನು ಆ ಕೋಶವನ್ನು ಉಳಿಸುವುದಿಲ್ಲ.

ಈ ಕಾವಲು ನಿಜವಾಗಿಯೂ ಕೆಲಸ ಮಾಡುತ್ತಿದೆಯೆಂಬುದಕ್ಕೆ ಪ್ರಮಾಣವೇನು? ಕಾವಲನ್ನು ತೆಗೆದು ನೋಡಿದರೆ ತಿಳಿಯುತ್ತದೆ. ಎಚ್.ಐ.ವಿ. ಎಂಬ ಬೇರೊಂದು ವೈರಸ್ಸು ಸಹಾಯಕ ಟಿ-ಕೋಶಗಳನ್ನೇ ನಾಶಮಾಡುತ್ತದೆ. ಅದರೊಡನೆ ಬಾಳುತ್ತಿರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರು ಬರುವ ಸಂಭವವು ಇತರರಿಗಿಂತ ಆರು ಪಟ್ಟು ಹೆಚ್ಚು. ಸಾಮಾನ್ಯವಾಗಿ ಸೋಂಕಿನಿಂದ ಕ್ಯಾನ್ಸರಿನವರೆಗಿನ ಹಾದಿ ೧೫-೨೦ ವರ್ಷಗಳದು. ರಕ್ಷಣೆ ಕುಗ್ಗಿದ, ಚಿಕಿತ್ಸೆ ದೊರೆಯದ ದೇಹದಲ್ಲಿ ಅದು ೫-೧೦ ವರ್ಷಗಳಿಗೆ ಇಳಿಯುತ್ತದೆ. ಆ ಹೆಚ್ಚಿನ ಹತ್ತು ವರ್ಷಗಳು ನಮ್ಮ ಟಿ-ಕೋಶಗಳು ಗಳಿಸಿಕೊಟ್ಟ ಅವಧಿಯೆಂದು ತಿಳಿಯಬೇಕು.

ಕಾವಲನ್ನು ವಂಚಿಸುವ ಬಗೆ

ಉಳಿದ ಹತ್ತನೆಯವಳಲ್ಲಿ ವೈರಸ್ಸು ವರ್ಷಗಟ್ಟಲೆ ನೆಲೆನಿಲ್ಲುತ್ತದೆ. ಅದರ ಮುಖ್ಯ ಆಯುಧಗಳು ಇ-೬ ಮತ್ತು ಇ-೭ ಎಂಬ ಎರಡು ಚಿಕ್ಕ ಪ್ರೋಟೀನುಗಳು. ಕೋಶದ ವಂಶಲಿಪಿಗೆ ಊನ ಬಂದಾಗ ಅದನ್ನು ತಡೆದು ನಿಲ್ಲಿಸುವ, ಇಲ್ಲವೆ ಆತ್ಮನಾಶಕ್ಕೆ ಹಚ್ಚುವ ಪಿ-೫೩ ಎಂಬ ಪ್ರೋಟೀನು ನಮ್ಮಲ್ಲಿದೆ. ಇ-೬ ಅದನ್ನು ನಾಶಪಡಿಸುತ್ತದೆ. ಕೋಶವಿಭಜನೆಗೆ ಬಿಗಿ ಹಿಡಿಯುವ ಆರ್.ಬಿ. ಎಂಬ ಇನ್ನೊಂದನ್ನು ಇ-೭ ನಿಷ್ಕ್ರಿಯಗೊಳಿಸುತ್ತದೆ. ಗಾಡಿಯ ಬಿರಿಯನ್ನೂ ಕಡಿವಾಣವನ್ನೂ ಒಟ್ಟಿಗೇ ಕಿತ್ತಂತಾಯಿತು.

ಇದೇ ಪ್ರೋಟೀನುಗಳು ಕಾವಲಿನ ಮೇಲೂ ಕೈಮಾಡುತ್ತವೆ. ಸೋಂಕು ತಗಲಿದ ಕೋಶವು ನೆರೆಯ ಕೋಶಗಳನ್ನು ಎಚ್ಚರಿಸಲು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಸೂಸಬೇಕು. ಆ ಕೂಗು ಅಡಗುತ್ತದೆ. ಸುದ್ದಿಗಾರ ಕೋಶಗಳ ಸಂಖ್ಯೆ ಆ ಜಾಗದಲ್ಲಿ ಕುಗ್ಗುತ್ತದೆ. ಹೊರಮೈಯ ತಟ್ಟೆಗಳೂ ಕಡಿಮೆಯಾಗುತ್ತವೆ. ಯೋಧರು ಇದ್ದರೂ ಅವರಿಗೆ ಗುರಿ ಕಾಣದು.

ಕೆಲವೊಮ್ಮೆ ವೈರಸ್ಸಿನ ಲಿಪಿಯು ತುಂಡಾಗಿ ನಮ್ಮ ವರ್ಣತಂತುವಿನಲ್ಲಿಯೇ ಹೆಣೆದುಕೊಳ್ಳುತ್ತದೆ. ಇ-೬, ಇ-೭ಗಳನ್ನು ಹತೋಟಿಯಲ್ಲಿಡುತ್ತಿದ್ದ ಭಾಗವು ಆಗ ಮುರಿಯುವುದರಿಂದ ಅವು ಮಿತಿಯಿಲ್ಲದೆ ತಯಾರಾಗತೊಡಗುತ್ತವೆ. ವಿಚಿತ್ರವೆಂದರೆ, ಇದರಿಂದ ವೈರಸ್ಸಿಗೆ ಯಾವ ಲಾಭವೂ ಇಲ್ಲ. ಅಂಥ ಕೋಶದಿಂದ ಹೊಸ ಕಣಗಳು ಹುಟ್ಟಲಾರವು. ಕ್ಯಾನ್ಸರೆಂಬುದು ವೈರಸ್ಸಿನ ಉದ್ದೇಶವಲ್ಲ, ಅಪಘಾತ.

ಆದರೆ ಕ್ಯಾನ್ಸರು ಕೋಶವು ಇ-೬, ಇ-೭ಗಳನ್ನು ಕೈಬಿಡಲಾರದು. ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಗಡ್ಡೆಯಿಂದ ೧೯೫೧ರಲ್ಲಿ, ಆಕೆಯ ಒಪ್ಪಿಗೆಯನ್ನೂ ಕೇಳದೆ, ತೆಗೆದ ಕೋಶಗಳ ಸಂತತಿಯು ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿದೆ. ಅವುಗಳಲ್ಲಿರುವುದು ೧೮ನೆಯ ಬಗೆಯ ಎಚ್.ಪಿ.ವಿ. ಆ ಕೋಶಗಳಲ್ಲಿ ಇ-೬, ಇ-೭ಗಳ ತಯಾರಿಕೆಯನ್ನು ತಡೆದರೆ, ಅಷ್ಟು ದಶಕ ನಿಲ್ಲದ ವಿಭಜನೆಯು ನಿಂತುಬಿಡುತ್ತದೆ. ಎಂದರೆ ಶತ್ರುವಿನ ಗುರುತು ಕೊನೆಯವರೆಗೂ ಕೋಶದೊಳಗೇ ಇರುತ್ತದೆ. ಗಡ್ಡೆಯು ಟಿ-ಕೋಶಗಳ ಮೇಲಿರುವ ಪಿ.ಡಿ.-೧ ಎಂಬ ತಡೆಗುಂಡಿಯನ್ನು ಒತ್ತಿ ಅವನ್ನು ದಣಿಸಿರುತ್ತದೆ. ಆ ಒತ್ತನ್ನು ಬಿಡಿಸುವ ಔಷಧಗಳು ೨೦೧೮ರಿಂದ ಈ ಕ್ಯಾನ್ಸರಿನ ಚಿಕಿತ್ಸೆಗೂ ಬಂದಿವೆ. ಕೆಲವು ರೋಗಿಗಳಿಗೆ ಇವುಗಳಿಂದ ಆಯುಸ್ಸು ಹೆಚ್ಚಿದೆ. ಆದರೆ ಬೆಲೆ ಬಹಳ, ಫಲ ಎಲ್ಲರಿಗೂ ದೊರೆಯದು.

ಮುಂಗಡವಾಗಿ ಮುಟ್ಟಿಸುವ ಸುದ್ದಿ

ಕಾವಲಿಗೆ ಸುದ್ದಿ ತಡವಾಗಿ ಮುಟ್ಟುವುದೇ ದೋಷವಾದರೆ, ಶತ್ರು ಬರುವ ಮುನ್ನವೇ ಅವನ ಚಹರೆಯನ್ನು ತೋರಿಸಿಬಿಡಬಹುದಲ್ಲವೆ? ಲಸಿಕೆಯ ತತ್ತ್ವವೇ ಇದು. ೧೯೯೧ರಲ್ಲಿ ಆಸ್ಟ್ರೇಲಿಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ಎಂಬವರು ಒಂದು ಸೊಗಸಾದ ಸಂಗತಿಯನ್ನು ಕಂಡರು. ವೈರಸ್ಸಿನ ಹೊರಕವಚದ ಪ್ರೋಟೀನನ್ನಷ್ಟೇ ತಯಾರಿಸಿದರೆ, ಅದರ ಅಣುಗಳು ಐದೈದಾಗಿ ಗುಂಪುಗೂಡಿ, ಅಂಥ ೭೨ ಗುಂಪುಗಳು ತಾವಾಗಿಯೇ ಜೋಡಣೆಗೊಂಡು ೩೬೦ ಅಣುಗಳ ಒಂದು ಗುಂಡು ಚಿಪ್ಪಾಗುತ್ತವೆ. ಹೊರನೋಟಕ್ಕೆ ಅದು ವೈರಸ್ಸೇ. ಒಳಗೆ ಲಿಪಿಯಿಲ್ಲದ ಬರಿಯ ಟೊಳ್ಳು. ಅದರಿಂದ ಸೋಂಕು ತಗಲುವ ಸಂಭವವೇ ಇಲ್ಲ.

ಈ ಚಿಪ್ಪಿನ ಜ್ಯಾಮಿತಿಯಲ್ಲಿಯೇ ಅದರ ಬಲವಿದೆ. ಒಂದೇ ಆಕೃತಿಯು ಸಮಾನ ಅಂತರದಲ್ಲಿ ನೂರಾರು ಬಾರಿ ಪುನರಾವರ್ತಿಸುವುದರಿಂದ, ಬಿ-ಕೋಶಗಳೆಂಬ ಬಿಳಿಯ ರಕ್ತಕಣಗಳ ಅನೇಕ ಗ್ರಾಹಕಗಳು ಒಮ್ಮೆಗೇ ಅದಕ್ಕೆ ಅಂಟಿಕೊಂಡು ಪ್ರಬಲವಾದ ಪ್ರಚೋದನೆ ಉಂಟಾಗುತ್ತದೆ. ಅವುಗಳಿಂದ ಹುಟ್ಟಿದ ಪ್ರತಿಕಾಯಗಳ ಕಾರ್ಖಾನೆಗಳು ಮೂಳೆಯ ಮಜ್ಜೆಯಲ್ಲಿ ವರ್ಷಾನುವರ್ಷ ನಡೆಯುತ್ತವೆ. ಸಹಜ ಸೋಂಕಿನಿಂದ ದೊರೆಯುವ ಪ್ರತಿಕಾಯಗಳು ಅಲ್ಪ. ಅನೇಕರಲ್ಲಿ ಅವು ಹುಟ್ಟುವುದೇ ಇಲ್ಲ. ಲಸಿಕೆಯಿಂದ ಅವು ಎಷ್ಟೋ ಪಟ್ಟು ಹೆಚ್ಚಾಗಿ ದೊರೆಯುತ್ತವೆ. ವೈರಸ್ಸಿಗೆ ದಾರಿ ಕೊಡುವ ಆ ತರಚಿನಲ್ಲಿಯೇ ರಕ್ತರಸವೂ ಒಸರುವುದರಿಂದ, ಪ್ರತಿಕಾಯಗಳು ಬಾಗಿಲಲ್ಲಿಯೇ ಅದನ್ನು ಹಿಡಿಯುತ್ತವೆ. ೨೦೦೬ರಲ್ಲಿ ಇಂಥ ಮೊದಲ ಲಸಿಕೆಯು ಬಳಕೆಗೆ ಬಂದಿತು. ಪುಣೆಯಲ್ಲಿ ತಯಾರಾದ ನಮ್ಮ ದೇಶದ ಲಸಿಕೆ ಸರ್ವಾವ್ಯಾಕ್ ೨೦೨೩ರಲ್ಲಿ ಮಾರುಕಟ್ಟೆಗೆ ಬಂದಿತು.

ಇಲ್ಲಿ ನಮ್ಮ ದೇಶದ ಒಂದು ಘಟನೆಯನ್ನು ಹೇಳಬೇಕು. ೨೦೦೯ರಲ್ಲಿ ೧೦ರಿಂದ ೧೮ ವರ್ಷದ ಹುಡುಗಿಯರಿಗೆ ಎರಡು ಬಾರಿ ಲಸಿಕೆ ಕೊಟ್ಟರೆ ಸಾಕೋ, ಮೂರು ಬೇಕೋ ಎಂಬ ಪರೀಕ್ಷೆಯು ಭಾರತದ ಹಲವು ಕೇಂದ್ರಗಳಲ್ಲಿ ಆರಂಭವಾಯಿತು. ಬೇರೊಂದು ಲಸಿಕಾ ಕಾರ್ಯಕ್ರಮದಲ್ಲಿ ಕೆಲವು ಹುಡುಗಿಯರು ತೀರಿಕೊಂಡುದರಿಂದ ೨೦೧೦ರಲ್ಲಿ ಸರ್ಕಾರವು ಇಂಥ ಪರೀಕ್ಷೆಗಳನ್ನೆಲ್ಲ ನಿಲ್ಲಿಸಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಆದರೆ ಆ ಕಾರ್ಯಕ್ರಮದಲ್ಲಿ ಒಪ್ಪಿಗೆ ಪಡೆದ ಕ್ರಮದಲ್ಲಿ ದೋಷಗಳಿದ್ದುವು. ಹೀಗೆ ಅರ್ಧಕ್ಕೆ ನಿಂತ ಪರೀಕ್ಷೆಯಲ್ಲಿ ಸಾವಿರಾರು ಹುಡುಗಿಯರಿಗೆ ಒಂದೇ ಚುಚ್ಚುಮದ್ದು ದೊರೆತಿತ್ತು. ಸಂಶೋಧಕರು ಅವರನ್ನು ಕೈಬಿಡದೆ ವರ್ಷಗಟ್ಟಲೆ ಗಮನಿಸಿದರು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೆಲೆನಿಲ್ಲುವ ಸೋಂಕನ್ನು ತಡೆಯುವುದರಲ್ಲಿ ಒಂದು ಚುಚ್ಚುಮದ್ದು ನೂರಕ್ಕೆ ೯೫ರಷ್ಟೂ, ಮೂರು ಚುಚ್ಚುಮದ್ದುಗಳು ನೂರಕ್ಕೆ ೯೩ರಷ್ಟೂ ಫಲಕಾರಿ. ಎಂದರೆ ಎರಡೂ ಸಮಾನ. ಇದನ್ನೂ ಇತರ ದೇಶಗಳ ಸಾಕ್ಷ್ಯಗಳನ್ನೂ ನೋಡಿ ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಎಳೆಯ ಹುಡುಗಿಯರಿಗೆ ಒಂದೇ ಚುಚ್ಚುಮದ್ದು ಸಾಕಾಗಬಹುದೆಂದು ಸಾರಿತು. ಲಸಿಕೆಗೆ ತಕ್ಕ ವಯಸ್ಸು ೯ರಿಂದ ೧೪. ಸೋಂಕು ತಗಲುವ ಮುನ್ನವೇ ಕೊಡಬೇಕು. ಆಗಲೇ ನೆಲೆನಿಂತ ಸೋಂಕನ್ನು ಅದು ಓಡಿಸಲಾರದು.

ತಡವಾದರೂ ಕೈಕೊಡದ ಸುದ್ದಿ

ಹಾಗಾದರೆ ನಮ್ಮ ತಾಯಂದಿರ, ಅಜ್ಜಿಯರ ಗತಿಯೇನು? ಅವರಿಗೆ ದೇಹದ ಕಾವಲುಗಾರನು ಗಳಿಸಿಕೊಟ್ಟ ಆ ಹದಿನೈದಿಪ್ಪತ್ತು ವರ್ಷಗಳಿವೆ. ಆ ಅವಧಿಯಲ್ಲಿ ಕೋಶಗಳು ಮೆಲ್ಲನೆ ವಿಕಾರಗೊಳ್ಳುತ್ತಿರುತ್ತವೆ, ಇನ್ನೂ ಕ್ಯಾನ್ಸರಾಗಿರುವುದಿಲ್ಲ. ಆಗ ಕಂಡುಹಿಡಿದರೆ ಅಷ್ಟು ಭಾಗವನ್ನು ಶೈತ್ಯದಿಂದಲೋ ಶಾಖದಿಂದಲೋ ಕೆಲವೇ ನಿಮಿಷಗಳಲ್ಲಿ ನಾಶಮಾಡಬಹುದು.

ಕಂಡುಹಿಡಿಯುವ ಒಂದು ವಿಧಾನಕ್ಕೆ ಅಡಿಗೆಮನೆಯ ವಿನಿಗರಿನಲ್ಲಿರುವ ಅಸೆಟಿಕ್ ಆಮ್ಲವೇ ಸಾಕು. ನೂರಕ್ಕೆ ೩ರಿಂದ ೫ರಷ್ಟು ತಿಳಿಯಾದ ಆ ದ್ರಾವಣವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದರೆ, ವಿಕಾರಗೊಂಡ ಭಾಗವು ಬೆಳ್ಳಗಾಗುತ್ತದೆ. ಅಲ್ಲಿನ ಕೋಶಗಳಲ್ಲಿ ದೊಡ್ಡ ಕೋಶಕೇಂದ್ರಗಳು ಒತ್ತೊತ್ತಾಗಿದ್ದು ಪ್ರೋಟೀನು ಹೆಚ್ಚಿರುತ್ತದೆ. ಆಮ್ಲದಿಂದ ಅದು ತಾತ್ಕಾಲಿಕವಾಗಿ ಗರಣೆಗಟ್ಟಿ, ಬಿದ್ದ ಬೆಳಕನ್ನು ಒಳಗೆ ಬಿಡದೆ ಚದುರಿಸುತ್ತದೆ. ಮೊಟ್ಟೆಯ ತಿಳಿಭಾಗವು ಬೆಂದಾಗ ಬಿಳಿಯಾಗುವುದಕ್ಕೂ ಕಾರಣ ಇಂಥದೇ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಹತ್ತನೆಯ ತರಗತಿ ಓದಿದ ಹೆಂಗಸರಿಗೆ ಈ ಪರೀಕ್ಷೆಯಲ್ಲಿ ತರಬೇತಿ ಕೊಟ್ಟು, ಕೊಳೆಗೇರಿಗಳ ಮಹಿಳೆಯರನ್ನು ಎರಡು ವರ್ಷಗಳಿಗೊಮ್ಮೆ ಪರೀಕ್ಷಿಸಿದರು. ಈ ರೋಗದ ಸಾವುಗಳು ನೂರಕ್ಕೆ ೩೧ರಷ್ಟು ಇಳಿದುವೆಂದು ೨೦೧೪ರಲ್ಲಿ ವರದಿಯಾಯಿತು.

ಇನ್ನೊಂದು ವಿಧಾನ, ವೈರಸ್ಸಿನ ಲಿಪಿಯನ್ನೇ ಹುಡುಕುವುದು. ಇದರ ಪರೀಕ್ಷೆಯು ನಡೆದುದು ನಮ್ಮ ಬೀದರ, ಕಲಬುರಗಿ ಜಿಲ್ಲೆಗಳ ಮಗ್ಗುಲಿನ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ. ಇಂದು ಅದರ ಹೆಸರು ಧಾರಾಶಿವ. ಅದೂ ಮುಶಿಗೇರಿಯಂತೆಯೇ ಜೋಳದ ಸೀಮೆ. ೧೯೯೯ರಲ್ಲಿ ಆರಂಭಿಸಿ ಹಳ್ಳಿಗಳ ೧ ಲಕ್ಷ ೩೧ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಗುಂಪುಗಳಾಗಿ ವಿಂಗಡಿಸಿದರು. ಎಂಟು ವರ್ಷಗಳಲ್ಲಿ, ಒಂದೇ ಒಂದು ಬಾರಿ ಎಚ್.ಪಿ.ವಿ. ಪರೀಕ್ಷೆ ಮಾಡಿದ ೩೪ ಸಾವಿರ ಹೆಂಗಸರಲ್ಲಿ ಈ ರೋಗದಿಂದ ೩೪ ಮಂದಿ ಸತ್ತರು. ಪರೀಕ್ಷೆ ಮಾಡದ ೩೧ ಸಾವಿರದಲ್ಲಿ ೬೪ ಮಂದಿ. ವೈರಸ್ಸು ಇಲ್ಲವೆಂದು ಕಂಡುಬಂದವರಲ್ಲಿ ಒಬ್ಬರೂ ಈ ರೋಗದಿಂದ ಸಾಯಲಿಲ್ಲ. ಒಂದು ಗುಂಪನ್ನು ಪರೀಕ್ಷಿಸದೆ ಬಿಟ್ಟುದು ಸರಿಯೇ ಎಂಬ ಆಕ್ಷೇಪವು ಆ ಬಳಿಕ ಕೇಳಿಬಂದಿತು. ಅದು ತೂಕವುಳ್ಳ ಆಕ್ಷೇಪವೇ. ಆ ೬೪ ಹೆಂಗಸರ ಋಣವನ್ನು ತೀರಿಸುವ ಬಗೆ, ಅವರಿಂದ ದೊರೆತ ತಿಳಿವಳಿಕೆಯನ್ನು ವ್ಯರ್ಥಮಾಡದಿರುವುದು.

ಆ ಪ್ರಶ್ನೆಗೆ ಉತ್ತರ

ನನ್ನ ವಿದ್ಯಾರ್ಥಿನಿಗೆ ಕೊನೆಗೆ ಕೊಟ್ಟ ಉತ್ತರವಿದು: ನಿನ್ನ ಅಜ್ಜಿಯ ದೇಹವು ಸುಮ್ಮನಿರಲಿಲ್ಲ. ಪ್ರಾಯಶಃ ಅದು ಎಷ್ಟೋ ಸೋಂಕುಗಳನ್ನು ಗೆದ್ದಿತ್ತು. ಗೆಲ್ಲಲಾಗದ ಒಂದನ್ನು ವರ್ಷಗಟ್ಟಲೆ ತಡೆದು ಹಿಡಿದಿತ್ತು. ಸುದ್ದಿ ಮುಟ್ಟದ ಕಡೆಯಲ್ಲಿ ಸೋತಿತು.

ಆಗ ಅವಳು ಹೇಳಿದ ಮಾತು ನನ್ನನ್ನು ಬಿಟ್ಟುಹೋಗಿಲ್ಲ. ಅಜ್ಜಿಗೆ ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತಂತೆ. ಒಂದು ವರ್ಷದವರೆಗೆ ಅದನ್ನು ಅವರು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವಂಥ ಮಾತೆಂದು ಅವರಿಗೆ ತೋರಲಿಲ್ಲ. ಕೇಳಬೇಕೆಂದು ನಮಗೂ ತೋರಲಿಲ್ಲ ಎಂದಳು.

ವೈರಸ್ಸಿನ ಮೌನವು ಅದರ ಸ್ವಭಾವ; ಮನೆಯ ಮೌನವಾದರೋ ನಾವು ಮಾಡಿಕೊಂಡದ್ದು. ಈ ಲೇಖನವನ್ನು ಓದುವ ತರುಣ ತರುಣಿಯರು ಮೂವತ್ತು ದಾಟಿದ ತಮ್ಮ ತಾಯಿ, ಚಿಕ್ಕಮ್ಮ, ಅತ್ತೆಯರಿಗೆ ಎರಡು ಮಾತು ತಿಳಿಸಿದರೆ ಸಾಕು. ಹೊತ್ತಲ್ಲದ ಹೊತ್ತಿನ ರಕ್ತಸ್ರಾವವನ್ನೂ ದುರ್ವಾಸನೆಯ ಬಿಳಿಸೆರಗನ್ನೂ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ಯಾವ ತೊಂದರೆಯೂ ಇಲ್ಲದಿರುವಾಗಲೇ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಲಸಿಕೆ ಪಡೆದವರಿಗೂ ಇದು ತಪ್ಪದು. ಮನೆಯಲ್ಲಿ ೯ರಿಂದ ೧೪ ವರ್ಷದ ತಂಗಿಯಿದ್ದರೆ ಲಸಿಕೆಯ ವಿಷಯವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಮಂಚಿಕೆಯ ಮೇಲಿನವನು ಕವಣೆ ಹಿಡಿದು ನಿಂತೇ ಇದ್ದಾನೆ. ದಂಟಿನೊಳಗಿನ ಹುಳುವಿನ ಸುದ್ದಿಯನ್ನು ಮುಟ್ಟಿಸುವ ಕೆಲಸ ನಮ್ಮದು.